ಪಾಸ್‌ವರ್ಡಿನಿಂದ ಬೆರಳಿಗೆ
ಕಂಪ್ಯೂಟರ್ ತೆರೆದಿದೆ, ಕಡತ ಮಾತ್ರ ತೆರೆಯುತ್ತಿಲ್ಲ! ವಿಂಡೋಸ್ 98 ಮತ್ತು ವಿಂಡೋಸ್ ಎನ್‌ಟಿ ಒಂದೇ ಕಚೇರಿಯಲ್ಲಿ ಬೆರೆತಿದ್ದ ಕಾಲದ ಗೋಳಿದು. 98ರಲ್ಲಿ ಎಸ್ಕೇಪ್ ಒತ್ತಿದರೆ ಯಂತ್ರವೇನೋ ಒಳಬಿಡುತ್ತಿತ್ತು; ಡೊಮೇನ್ ಗುರುತು ಹಿಡಿಯುತ್ತಿರಲಿಲ್ಲ. ಬೀಗವಿಲ್ಲದ ಜಗಲಿ, ಬೀಗ ಹಾಕಿದ ಕೋಣೆ! 1993ರಲ್ಲಿ ಬಂದ ಎನ್‌ಟಿ ಹಾಗಲ್ಲ. ಹೆಸರು ಹೇಳದವರನ್ನು ಹೊಸ್ತಿಲೇ ದಾಟಿಸದು.

ಈ ಹೊಸ್ತಿಲ ಪ್ರಶ್ನೆ ವಾನಳ್ಳಿಯ ರೈತನಿಗೂ ತಟ್ಟಿದ್ದೇ. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯನ್ನು ತಿದ್ದಿದವರಾರೆಂದು ಪತ್ತೆಹಚ್ಚುವುದು ಕಷ್ಟವಿತ್ತು. 2000ದ ಸುಮಾರಿಗೆ ಶಿರಸಿಯೂ ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಬಂದ ‘ಭೂಮಿ’ ಯೋಜನೆ ಬರಿಯ ಪಾಸ್‌ವರ್ಡನ್ನು ನಂಬಲಿಲ್ಲ; ನೌಕರರ ಬೆರಳಚ್ಚನ್ನೇ ಕೇಳಿತು. ಪಾಸ್‌ವರ್ಡ್ ಯಾರೋ ಕದ್ದರೆನ್ನಬಹುದು, ಬೆರಳು ಕದ್ದರೆನ್ನಲಾದೀತೇ? ಮುಂದೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಪ್ರತಿ ಸಿಗತೊಡಗಿತು.