ಭದ್ರಾ ಹಿನ್ನೀರಿನ ಸೀಮೆಗೆ ಚರ್ಚು ಬಂದ ದಾರಿ

ಲಿಂಗದಹಳ್ಳಿಯಲ್ಲಿ ನಿಂತು ಕಲ್ಲತ್ತಿಗಿರಿಗೆ ದಾರಿ ಯಾವುದು ಎಂದು ಕೇಳಿದರೆ ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಎಂದರೂ ಅಷ್ಟೇ. ಆದರೆ "ಈ ಕಡೆ ಚರ್ಚು ಎಲ್ಲಿದೆ?" ಎಂದು ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಒಂದು ಮರುಪ್ರಶ್ನೆ ಬರುತ್ತದೆ: "ನಿಮಗೆ ಯಾವ ಚರ್ಚು ಬೇಕು? ಕೊಂಕಣಿಯವರದಾ, ಮಲಯಾಳಿಗಳದಾ, ತಮಿಳಿನವರದಾ?"

ನಮ್ಮ ಸೀಮೆಯ ಇನ್ನೂರು ವರ್ಷಗಳ ಕಥೆ ಈ ಮರುಪ್ರಶ್ನೆಯಲ್ಲೇ ಇದೆ. ಈ ಬರಹದಲ್ಲಿ ಅದನ್ನೇ ಬಿಡಿಸಿ ನೋಡೋಣ.

ಚರ್ಚು ಹುಡುಕುವವರು ಯಾರು? ವರ್ಗವಾಗಿ ಬಂದ ಮೇಷ್ಟ್ರು, ಆಸ್ಪತ್ರೆಯ ನರ್ಸು, ಬ್ಯಾಂಕಿನ ನೌಕರರು, ತೋಟದ ಕೆಲಸಕ್ಕೆ ಬಂದ ಕುಟುಂಬ. ಅವರಿಗೆ ಚರ್ಚು ಬೇಕಿರುವುದು ಭಾನುವಾರದ ಪ್ರಾರ್ಥನೆಗೆ ಮಾತ್ರವಲ್ಲ. ಮಗುವಿಗೆ ಜ್ಞಾನಸ್ನಾನವಾದರೆ ಅದು ಚರ್ಚಿನ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಮದುವೆಯೂ ಹಾಗೆಯೇ. ಚರ್ಚಿನಲ್ಲಿ ನಡೆಯುವ ಮದುವೆಯನ್ನು ಬರೆದಿಡುವ ಕ್ರಮ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಲ್ಲೇ ಇದೆ. ಕೊನೆಗೆ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವುದು ಎಲ್ಲಿ? ಯಾವುದಾದರೊಂದು ಸಭೆಗೆ ಸೇರಿದ್ದರೆ ಅದರ ಸ್ಮಶಾನದಲ್ಲಿ ಜಾಗ ಸಿಗುತ್ತದೆ. ಸೇರದಿದ್ದರೆ ದುಃಖದ ಹೊತ್ತಿನಲ್ಲೇ ಜಾಗಕ್ಕಾಗಿ ಅಲೆಯಬೇಕು. ಆದ್ದರಿಂದ ಸಣ್ಣ ಊರಿನಲ್ಲಿ ಚರ್ಚು ಸಿಗುವುದೆಂದರೆ ಆ ಕುಟುಂಬಕ್ಕೆ ಊರು ಸಿಕ್ಕಂತೆ.

ಘಟ್ಟ ಹತ್ತಿದವರು

ಮಲೆನಾಡಿನ ಕಡೆಗೆ ಕ್ರೈಸ್ತರು ಬಂದ ಹಳೆಯ ದಾರಿ ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿ. ಅದರ ಮೊದಲ ಅಧ್ಯಾಯ ನೋವಿನದು. 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ಯಾಥೊಲಿಕರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಬ್ರಿಟಿಷರ ಪರ ನಿಂತಿದ್ದಾರೆ ಎಂಬುದು ಅವರ ಮೇಲಿದ್ದ ಆರೋಪ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆಯಾಯಿತು. ಹೆಚ್ಚಿನವರು ಕರಾವಳಿಗೆ ಮರಳಿದರು, ಕೆಲವರು ಮೈಸೂರು ಸೀಮೆಯಲ್ಲೇ ನಿಂತರು.

ಚದುರಿಹೋದ ಆ ಜನರನ್ನು ಮತ್ತೆ ಒಂದುಗೂಡಿಸಲು ಬಂದವರಲ್ಲಿ ಅಬ್ಬೆ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿ ಮುಖ್ಯರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದಿದ್ದ ಅವರು ಇಲ್ಲಿಯವರ ಹಾಗೆ ಉಡುಪು ತೊಟ್ಟು ಹಳ್ಳಿ ಹಳ್ಳಿ ತಿರುಗಿದರು. ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ವಿರುದ್ಧ ಆಗಷ್ಟೇ ಬಂದಿದ್ದ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಲು ದುಡಿದವರಲ್ಲೂ ಅವರು ಒಬ್ಬರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1823ರಲ್ಲಿ ಅವರು ಫ್ರಾನ್ಸಿಗೆ ಹಿಂತಿರುಗಿದರು.

ಆಮೇಲೆ ಕಾಫಿ ಬಂತು. ಬಾಬಾಬುಡನ್ ತಂದ ಏಳು ಬೀಜದ ಕಥೆ ನಮಗೆಲ್ಲ ಗೊತ್ತು. ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ತೋಟಕ್ಕೆ ಆಳು ಬೇಕು, ಮೇಸ್ತ್ರಿ ಬೇಕು, ಲೆಕ್ಕ ಬರೆಯುವ ರೈಟರು ಬೇಕು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ಈ ಕೆಲಸಗಳಿಗೆ ಘಟ್ಟ ಹತ್ತಿದರು. ಅವರಲ್ಲಿ ಕೆಲವರು ಮುಂದೆ ತಾವೇ ತೋಟ ಮಾಡಿದರು. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಚರ್ಚುಗಳಲ್ಲಿ ಕೊಂಕಣಿ ಕೇಳಿಸುವುದಕ್ಕೆ ಕಾರಣ ಇದು.

ರೈಲು ಮತ್ತು ಕಬ್ಬಿಣ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕಾಫಿ ಕಡಿಮೆ. ಇಲ್ಲಿಗೆ ಹೊರಗಿನವರನ್ನು ಕರೆತಂದದ್ದು ರೈಲು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಬಿತ್ತು. 1899ರಲ್ಲಿ ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲು ಹೊರಟಿತು, ಬೀರೂರು ಜಂಕ್ಷನ್ ಆಯಿತು. ಆ ಕಾಲದ ರೈಲ್ವೆಯಲ್ಲಿ ಡ್ರೈವರು, ಗಾರ್ಡುಗಳಾಗಿ ಆಂಗ್ಲೋ ಇಂಡಿಯನ್ನರು ಬಹಳ ಇದ್ದರು. ಬೇರೆ ಬೇರೆ ಕೆಲಸಗಳಲ್ಲಿ ತಮಿಳು ಮಾತಾಡುವ ಕ್ರೈಸ್ತರೂ ಇದ್ದರು. ರೈಲ್ವೆ ಕ್ವಾರ್ಟರ್ಸ್ ಇದ್ದಲ್ಲಿ ಮೊದಲು ಮನೆಯ ಜಗಲಿಯ ಪ್ರಾರ್ಥನೆ, ಆಮೇಲೆ ಆಗಾಗ ಬಂದು ಹೋಗುವ ಪಾದ್ರಿ, ಸಂಖ್ಯೆ ಸಾಕಷ್ಟು ಆದ ಮೇಲೆ ಕಟ್ಟಡ. ಸಣ್ಣ ಊರಿನ ಚರ್ಚುಗಳು ಹೆಚ್ಚಾಗಿ ಬೆಳೆಯುವುದು ಈ ಕ್ರಮದಲ್ಲೇ.

ರೈಲಿನ ಬೆನ್ನಿಗೆ ಕಬ್ಬಿಣ ಬಂತು. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಅದರ ಅದಿರು ಹೋಗುತ್ತಿದ್ದುದು ನಮ್ಮ ತಲೆಯ ಮೇಲಿರುವ ಕೆಮ್ಮಣ್ಣುಗುಂಡಿಯಿಂದ. ಗುಡ್ಡದ ಮೇಲಿಂದ ತಣಿಗೆಬೈಲಿಗೆ ರೋಪ್‌ವೇಯಲ್ಲಿ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ. ಒಲೆಗೆ ಬೇಕಾದ ಇದ್ದಿಲಿಗೆ ಕಾಡಿನ ಸೌದೆ. ಈ ಕೆಲಸಗಳಿಗೆ ನಾಲ್ಕೂ ಕಡೆಯ ಜನ ಬಂದರು, ಭದ್ರಾವತಿ ಹಲವು ಭಾಷೆಯ ಪೇಟೆಯಾಯಿತು. ದೇವಸ್ಥಾನ, ಮಸೀದಿ, ಚರ್ಚು ಎಲ್ಲವೂ ಆ ಜನರ ಜೊತೆಗೇ ಬೆಳೆದವು.

ನೀರು ನಿಂತ ಮೇಲೆ

ಮೂರನೆಯ ದಾರಿ ನೀರಿನದು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ 1947ರಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ತುಂಬಿದಾಗ 186 ಅಡಿ ನೀರು, 71.5 ಟಿಎಂಸಿ. ನೀರು ನಿಂತಾಗ ಹಳ್ಳಿಗಳು ಎದ್ದವು, ಗದ್ದೆಗಳು ಮುಳುಗಿದವು. ಹಿಂದೆ ಎಡೇಹಳ್ಳಿಯಾಗಿದ್ದು, ಮೈಸೂರಿನ ಯುವರಾಜರ ಹೆಸರು ಪಡೆದ ನರಸಿಂಹರಾಜಪುರ, ತರೀಕೆರೆಯಿಂದ ಟ್ರಾಮ್ ಹೋಗುತ್ತಿದ್ದ ಆ ಊರು, ಹಿನ್ನೀರಿನ ದಂಡೆಯ ಪೇಟೆಯಾಯಿತು.

ಇದೇ ಕಾಲದಲ್ಲಿ ಕೇರಳದಿಂದ ವಲಸೆ ಜೋರಾಯಿತು. ತಿರುವಾಂಕೂರು ಕಡೆಯ ಕ್ರೈಸ್ತ ರೈತರು ಭೂಮಿ ಹುಡುಕುತ್ತ ಮೊದಲು ಮಲಬಾರಿಗೆ, ಅಲ್ಲಿಂದ ಕರ್ನಾಟಕದ ಮಲೆನಾಡಿಗೆ ಬಂದರು. ಎನ್.ಆರ್.ಪುರ, ಕೊಪ್ಪದ ಕಡೆ ರಬ್ಬರ್, ಶುಂಠಿ, ಕಾಳುಮೆಣಸು ಬೆಳೆದರು. ಅವರ ಚರ್ಚಿನ ಪರಂಪರೆಯೇ ಬೇರೆ. ಕ್ರಿಸ್ತನ ಶಿಷ್ಯ ತೋಮ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದ ಎಂಬುದು ಅವರ ನಂಬಿಕೆ. ಅವರ ಪೂಜೆಯ ಹಳೆಯ ಭಾಷೆ ಸಿರಿಯಾಕ್. ಅವರಲ್ಲೂ ರೋಮಿನ ಪೋಪರನ್ನು ಒಪ್ಪುವ ಸಿರೋ ಮಲಬಾರ್ ಸಭೆಯವರು ಬೇರೆ, ಯಾಕೋಬೈಟ್ ಮತ್ತು ಆರ್ಥೊಡಾಕ್ಸ್ ಸಭೆಯವರು ಬೇರೆ. ಹೊರಗಿನವರ ಕಣ್ಣಿಗೆ ಎಲ್ಲ ಶಿಲುಬೆಯೂ ಒಂದೇ. ಹುಡುಕಿಕೊಂಡು ಬಂದವರಿಗೆ ಮಾತ್ರ ಒಳಗೆ ಹೋದ ಮೇಲೆ ವ್ಯತ್ಯಾಸ ತಿಳಿಯುತ್ತದೆ. 2007ರಲ್ಲಿ ಸಿರೋ ಮಲಬಾರ್ ಸಭೆ ಮಾನಂತವಾಡಿ ಧರ್ಮಪ್ರಾಂತ್ಯವನ್ನು ಒಡೆದು ಭದ್ರಾವತಿಗೇ ಒಂದು ಧರ್ಮಪ್ರಾಂತ್ಯ ಕೊಟ್ಟಿತು. ಬರಿಗೈಲಿ ಬಂದ ವಲಸಿಗರು ಇಲ್ಲೇ ಬೇರು ಬಿಟ್ಟರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೆಸರಿನಲ್ಲೇ ಇದೆ ಚರಿತ್ರೆ

ಚರ್ಚನ್ನು ಯಾರು ಏನೆಂದು ಕರೆಯುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿದರೆ ಅವರು ಬಂದ ದಾರಿ ಗೊತ್ತಾಗುತ್ತದೆ. ಕೊಂಕಣಿಯವರು ಇಗರ್ಜಿ ಎನ್ನುತ್ತಾರೆ. ಅದು ಪೋರ್ಚುಗೀಸರ ಮಾತಿನಿಂದ ಬಂದದ್ದು. ನಾವು ಬಳಸುವ ಪಾದ್ರಿ ಎಂಬ ಪದವೂ ಅಲ್ಲಿಂದಲೇ ಬಂದಿದೆ, ಅದರ ಅರ್ಥ ತಂದೆ. ಮಲಯಾಳಿಗಳು ಪಳ್ಳಿ ಎನ್ನುತ್ತಾರೆ, ಮಸೀದಿಗೂ ಅವರಲ್ಲಿ ಅದೇ ಪದ. ಅವರ ಭಾನುವಾರದ ಪೂಜೆ ಕುರ್ಬಾನ. ಬಕ್ರೀದಿನ ಕುರ್ಬಾನಿಯೂ ಅದೂ ಒಂದೇ ಬೇರಿನ ಮಾತು, ಅರ್ಪಣೆ ಎಂದರ್ಥ.

ಕನ್ನಡದಲ್ಲೂ ಎರಡು ಧಾಟಿ ಇದೆ. ಕ್ಯಾಥೊಲಿಕರು ಬಲಿಪೂಜೆ ಎಂದರೆ ಪ್ರಾಟೆಸ್ಟಂಟರು ಆರಾಧನೆ ಎನ್ನುತ್ತಾರೆ, ಬೈಬಲ್ಲನ್ನು ಸತ್ಯವೇದ ಎನ್ನುತ್ತಾರೆ. ಈ ಪ್ರಾಟೆಸ್ಟಂಟ್ ಕನ್ನಡ ಬೆಳೆದದ್ದು ಬಳ್ಳಾರಿಯ ಲಂಡನ್ ಮಿಷನ್, ಮಂಗಳೂರಿನ ಬಾಸೆಲ್ ಮಿಷನ್, ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್‌ಗಳಲ್ಲಿ. ಮೊದಲ ಕನ್ನಡ ಪತ್ರಿಕೆ ಎನಿಸಿದ 1843ರ 'ಮಂಗಳೂರು ಸಮಾಚಾರ' ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರದು, 1894ರ ಕಿಟೆಲ್ ನಿಘಂಟು ಅದೇ ಮಿಷನ್ನಿನಿಂದ ಬಂದವರದು. ಪತ್ರಿಕೋದ್ಯಮ ಓದಿದ ನಮಗೆ ಈ ಋಣ ಮರೆಯುವಂಥದ್ದಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ಸಿ.ಎಸ್.ಐ. ಆಯಿತು. ಬೋರ್ಡಿನ ಮೇಲೆ ಆ ಮೂರಕ್ಷರ ಕಂಡರೆ ಅದು ಈ ಕೂಡುಕುಟುಂಬದ ಮನೆ ಎಂದು ತಿಳಿಯಿರಿ.

ಕ್ಯಾಥೊಲಿಕರಲ್ಲಿ ಭಾಷೆಯ ಪ್ರಶ್ನೆ ಮುಂದೆ ಬಂದದ್ದು ತಡವಾಗಿ. 1960ರ ದಶಕದವರೆಗೆ ಅವರ ಪೂಜೆ ಲ್ಯಾಟಿನ್ನಿನಲ್ಲಿ. ಪ್ರವಚನ, ಹಾಡು ನಮ್ಮ ಮಾತಿನಲ್ಲಿದ್ದರೂ ಪೂಜೆಯ ಮಂತ್ರ ಎಲ್ಲರಿಗೂ ಸಮನಾಗಿ ಅರ್ಥವಾಗದ್ದು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಸರಿಯಾಗಿ ಆ ನಡುವೆ, 1963ರಲ್ಲಿ, ಮೈಸೂರು ಧರ್ಮಪ್ರಾಂತ್ಯದಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಅಲ್ಫೋನ್ಸಸ್ ಮಥಾಯಸ್ ಮೊದಲ ಬಿಷಪ್ಪರಾದರು. ಬಿಷಪ್ಪರು ಹತ್ತಿರವಾದರು, ಪೂಜೆಯ ಮಾತೂ ಹತ್ತಿರವಾಯಿತು. ಹಾಗೆಯೇ ಹೊಸ ತಕರಾರೂ ಹುಟ್ಟಿತು. ಒಂದೇ ಚರ್ಚಿನಲ್ಲಿ ಕೊಂಕಣಿ, ಕನ್ನಡ, ತಮಿಳಿನವರು ಇದ್ದರೆ ಭಾನುವಾರ ಬೆಳಗ್ಗೆ ಯಾರ ಮಾತು? ಬೆಂಗಳೂರಿನಲ್ಲಿ ಈ ಪ್ರಶ್ನೆ ದೊಡ್ಡ ಹೋರಾಟವೇ ಆಯಿತು. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಕನ್ನಡವೇ ನಡುಮನೆಯಾಗುತ್ತದೆ. ಮನೆಯಲ್ಲಿ ಏನೇ ಮಾತಾಡಲಿ, ಶಾಲೆಗೆ ಹೋಗುವ ಮಕ್ಕಳೆಲ್ಲರಿಗೂ ಬರುವುದು ಕನ್ನಡವೇ ತಾನೆ.

ಜನ ಎದ್ದುಹೋದ ಚರ್ಚು

ಹಿನ್ನೀರಿನ ಚರ್ಚು ಎಂದ ಕೂಡಲೇ ಮೊಬೈಲಿನಲ್ಲಿ ಕಾಣುವ ಚಿತ್ರ ಒಂದಿದೆ: ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ರೋಸರಿ ಚರ್ಚು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದ ಮೇಲೆ ಆ ಜಾಗ ಮುಳುಗಡೆಯಾಯಿತು. ಈಗ ಮಳೆಗಾಲದಲ್ಲಿ ಅರ್ಧ ನೀರಿನೊಳಗೆ, ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲುತ್ತದೆ. ಮದುವೆ ಫೋಟೋ ತೆಗೆಸುವವರು, ರೀಲ್ಸ್ ಮಾಡುವವರು ಬರುತ್ತಾರೆ.

ಚಿತ್ರ ಚೆನ್ನಾಗಿದೆ ನಿಜ. ಆದರೆ ಆ ಗೋಡೆಗಳ ನಡುವೆ ಜ್ಞಾನಸ್ನಾನವಾದ ಮಕ್ಕಳಿದ್ದರು, ಅದರ ಸುತ್ತ ಹೊಲ ಮನೆಗಳಿದ್ದವು. ನೀರು ಬಂದಾಗ ಅವರು ಗಂಟುಮೂಟೆ ಕಟ್ಟಿ ಹೊರಟು, ಬೇರೆ ಊರಿನಲ್ಲಿ ಮತ್ತೆ ಚರ್ಚು ಹುಡುಕುವವರಾದರು. ಭದ್ರಾ ಮುಳುಗಡೆಯಲ್ಲಿ ಊರ ದೇವರನ್ನು ಬಿಟ್ಟು ಎದ್ದುಬಂದ ನಮ್ಮ ಸೀಮೆಯ ಹಿರಿಯರಿಗೆ ಈ ಸಂಕಟ ವಿವರಿಸಿ ಹೇಳಬೇಕಿಲ್ಲ. ಅಣೆಕಟ್ಟೆ ಒಂದು ಕಡೆ ಹೊಸ ಜನರನ್ನು ತಂದಿತು, ಇನ್ನೊಂದು ಕಡೆ ಹಳೆಯ ಜನರನ್ನು ಎಬ್ಬಿಸಿತು. ಎರಡನ್ನೂ ಒಟ್ಟಿಗೆ ನೋಡಿದರೇ ಚರಿತ್ರೆ ಪೂರ್ತಿಯಾಗುವುದು.

ಈಗ ಹುಡುಕುವವರಿಗೆ

ಇವತ್ತು ಈ ಹೋಬಳಿಗೆ ಬಂದ ಕುಟುಂಬ ಏನು ಮಾಡಬೇಕು? ಒಂದು ಎಚ್ಚರ: "ಕಾನ್ವೆಂಟ್ ಎಲ್ಲಿ?" ಎಂದು ಕೇಳಿದರೆ ನಮ್ಮ ಜನ ಯಾವುದೋ ಇಂಗ್ಲಿಷ್ ಮೀಡಿಯಂ ಶಾಲೆ ತೋರಿಸುತ್ತಾರೆ, ಅಲ್ಲಿ ಸಿಸ್ಟರುಗಳು ಇರಲೇಬೇಕೆಂದಿಲ್ಲ. ಅದರ ಬದಲು ಮೊದಲು ತಮ್ಮ ಹಳೆಯ ಊರಿನ ಚರ್ಚಿನಲ್ಲೇ ವಿಚಾರಿಸಿ, ಪತ್ರ ತರುವುದು ಒಳ್ಳೆಯದು. ಆಮೇಲೆ ಪೂಜೆ ಯಾವ ಭಾಷೆಯಲ್ಲಿ, ಪ್ರತಿ ವಾರವೋ ತಿಂಗಳಿಗೊಮ್ಮೆಯೋ, ಸ್ಮಶಾನ ಎಲ್ಲಿ ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮೂರನೆಯದನ್ನು ಕೇಳಲು ಎಲ್ಲರಿಗೂ ಮುಜುಗರ. ಆದರೂ ಮೊದಲೇ ಕೇಳಿಟ್ಟುಕೊಂಡರೆ ಕಷ್ಟದ ದಿನ ಹಗುರವಾಗುತ್ತದೆ.

ಮತ್ತೆ, ದಾರಿ ಹೇಳುವ ನಮ್ಮದೂ ಒಂದು ಪಾಲಿದೆ. "ಅವರದು", "ಇವರದು" ಎಂದು ನಾವು ವಿಂಗಡಿಸುವ ಪ್ರತಿ ಚರ್ಚಿನ ಹಿಂದೆ ನಮ್ಮ ಸೀಮೆಯದೇ ಒಂದು ಕೆಲಸ ಇದೆ. ಅಡಿಪಾಯದ ಕೆಳಗೆ ನಮ್ಮ ಕಾಫಿ, ನಮ್ಮ ರೈಲು, ನಮ್ಮ ಅದಿರು, ನಮ್ಮ ನೀರು ಇದೆ. ಹೊರಗಿನಿಂದ ಬಂದವರು ದುಡಿದದ್ದು ಇಲ್ಲಿ, ಸತ್ತವರನ್ನು ಮಣ್ಣು ಮಾಡಿದ್ದೂ ಇಲ್ಲೇ.

ನಿಮ್ಮ ಊರಿನ ಚರ್ಚು, ರೈಲ್ವೆ ಕ್ವಾರ್ಟರ್ಸಿನ ಹಳೆಯ ಪ್ರಾರ್ಥನೆ ಮನೆ, ಮುಳುಗಡೆಗೆ ಮೊದಲಿನ ಊರು, ಟ್ರಾಮ್ ಓಡುತ್ತಿದ್ದ ದಿನಗಳು, ಇವುಗಳ ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಒಂದು ಸಂಜೆ ಅವರ ಪಕ್ಕ ಕೂತು, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಡಿ. ರಿಜಿಸ್ಟರಿನಲ್ಲಿ ಹೆಸರು, ತಾರೀಖು ಸಿಗುತ್ತವೆ. ಅವರು ಯಾಕೆ ಬಂದರು, ಹೇಗೆ ನಿಂತರು ಎಂಬುದನ್ನು ಹಿರಿಯರೇ ಹೇಳಬೇಕು.