ಹೊಟ್ಟೆಯಲ್ಲಿ ಬೆಳಕು, ಕೊರಳಲ್ಲಿ ಕತ್ತಲು

ಶಾರ್ಕ್ ಎಂದೊಡನೆ ದೈತ್ಯ ಮೀನೊಂದು ನಿಮ್ಮ ಕಣ್ಣೆದುರು ಬರಬಹುದು. ಆದರೆ ಕುಕೀಕಟರ್ ಶಾರ್ಕ್ ಅರ್ಧ ಮೀಟರಿಗಿಂತ ಹೆಚ್ಚು ಉದ್ದ ಬೆಳೆಯುವುದು ಅಪರೂಪ. ಹಗಲು ಸುಮಾರು ಸಾವಿರ ಮೀಟರ್ ಆಳದಲ್ಲಿದ್ದು ರಾತ್ರಿ ಮೇಲೇರುವ ಈ ಮೀನಿನ ಹೊಟ್ಟೆ ಹಸಿರಾಗಿ ಬೆಳಗುತ್ತದೆ. ಆ ಬೆಳಕು ಯಾವುದಕ್ಕೆ?

ಇಂಗ್ಲಿಷ್ ವೈದ್ಯ ಫ್ರೆಡರಿಕ್ ಬೆನೆಟ್ 1833ರಿಂದ 1836ರವರೆಗೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಪ್ರಪಂಚ ಸುತ್ತಿದ. ರಾತ್ರಿ ಸಿಕ್ಕ ಒಂದು ಶಾರ್ಕನ್ನು ಅವನು ಕತ್ತಲೆ ಕೋಣೆಗೆ ಒಯ್ದು ನೋಡಿದ. ತಲೆಯ ಮತ್ತು ದೇಹದ ತಳಭಾಗವೆಲ್ಲ ಹೊಳೆಯುತ್ತಿತ್ತು. ಕೊರಳ ಸುತ್ತಲಿನ ಕಪ್ಪು ಪಟ್ಟಿ ಮಾತ್ರ ಹೊಳೆಯಲಿಲ್ಲ. ನೀರಿನಿಂದ ತೆಗೆದ ಮೇಲೆ ಮೂರು ಗಂಟೆಗೂ ಹೆಚ್ಚು ಕಾಲ ಅದು ಬದುಕಿತ್ತು. ಸತ್ತ ಮೇಲೆಯೇ ಬೆಳಕು ನಿಧಾನವಾಗಿ ಮಂಕಾಯಿತು. ಅದರ ರೆಕ್ಕೆಗಳು ಚಿಕ್ಕವು, ವೇಗವಾಗಿ ಈಜಲಾರದು. ಆದ್ದರಿಂದ ಬೆಳಕು ಬೇಟೆಯನ್ನು ಸೆಳೆಯಲು ಇರಬೇಕೆಂದು 1840ರ ತನ್ನ ಪುಸ್ತಕದಲ್ಲಿ ಬೆನೆಟ್ ತರ್ಕಿಸಿದ. ಬರಿಗಣ್ಣಿನ ವೀಕ್ಷಣೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಇನ್ನೊಂದು ಒಗಟೂ ಇತ್ತು. ಟ್ಯೂನಾ, ಡಾಲ್ಫಿನ್, ತಿಮಿಂಗಿಲಗಳ ಮೈಮೇಲೆ ಸುಮಾರು 5 ಸೆಂಟಿಮೀಟರ್ ಅಗಲದ ದುಂಡನೆಯ ಗುಳಿಗಳು ಕಾಣುತ್ತಿದ್ದವು. ಬ್ಯಾಕ್ಟೀರಿಯ, ಪರಜೀವಿ ಎಂದೆಲ್ಲ ಊಹೆಗಳಾದವು. ಸಮೋವಾ ದ್ವೀಪದ ದಂತಕಥೆಯಂತೂ, ಮೀನುಗಳು ಅಲ್ಲಿಯ ಮುಖಂಡನಿಗೆ ತಮ್ಮ ಮಾಂಸವನ್ನೇ ಕಾಣಿಕೆ ಕೊಟ್ಟು ಹೋಗುತ್ತವೆ ಎನ್ನುತ್ತದೆ! ಕುಕೀಕಟರ್ ಶಾರ್ಕೇ ಇದಕ್ಕೆ ಕಾರಣವಿರಬೇಕೆಂದು 1971ರಲ್ಲಿ ಎವರೆಟ್ ಜೋನ್ಸ್ ತೋರಿಸಿದರು. ಅದರ ಜಠರದಲ್ಲಿದ್ದ ಮಾಂಸದ ತುಂಡುಗಳು ಗುಳಿಗಳ ಆಕಾರಕ್ಕೆ ಹೊಂದಿದವು. ತುಟಿಗಳಿಂದ ಬೇಟೆಯ ಮೈಗೆ ಅಂಟಿಕೊಂಡು, ಕೆಳದವಡೆಯ ಚೂಪಾದ ಹಲ್ಲುಗಳನ್ನು ಊರಿ ಶಾರ್ಕ್ ಮೈ ತಿರುಗಿಸುತ್ತದೆ. ಡಬ್ಬಿಯ ಮುಚ್ಚಳದಿಂದ ಲಟ್ಟಿಸಿದ ಹಿಟ್ಟನ್ನು ಪೂರಿಯಾಗಿ ಕತ್ತರಿಸಿದಂತೆ ಒಂದು ತುಂಡು ಕಿತ್ತು ಬರುತ್ತದೆ. ಅಮೆರಿಕದ ಜಲಾಂತರ್ಗಾಮಿಗಳ ಸೋನಾರ್‌ನ ರಬ್ಬರ್ ಹೊದಿಕೆಯನ್ನೂ ಅದು ಬಿಟ್ಟಿಲ್ಲ.

ಆದರೆ ನಿಧಾನವಾಗಿ ಈಜುವ ಪುಟ್ಟ ಶಾರ್ಕ್, ಬಾಣದಂತೆ ಸಾಗುವ ಟ್ಯೂನಾವನ್ನು ತಲಪುವುದು ಹೇಗೆ?

ನಿಡಸೋಸಿಯಂಥ ಒಳನಾಡಿನ ಊರಿನಲ್ಲಿದ್ದರೂ ಉತ್ತರದ ಮೊದಲ ಭಾಗವನ್ನು ನೀವೇ ನೋಡಬಹುದು. ಆಕಾಶದಲ್ಲಿ ಹಾರುವ ಹದ್ದನ್ನು ಕೆಳಗಿನಿಂದ ಗಮನಿಸಿ. ಬಣ್ಣ ತಿಳಿಯದು, ಕಪ್ಪು ಆಕೃತಿಯಷ್ಟೆ ಕಾಣುತ್ತದೆ. ಸಮುದ್ರದಲ್ಲೂ ಮೇಲಿನ ಮಂದ ಬೆಳಕಿಗೆ ಎದುರಾಗಿ ಮೀನಿನ ನೆರಳು ಹೀಗೆಯೇ ಎದ್ದು ಕಾಣುತ್ತದೆ. ಹೊಟ್ಟೆ ಅಷ್ಟೇ ಪ್ರಮಾಣದಲ್ಲಿ ಬೆಳಗಿದರೆ ನೆರಳು ಅಳಿಸಿಹೋಗುತ್ತದೆ. ಅಂದರೆ ಬೆಳಕು ಇಲ್ಲಿ ಮರೆಯಾಗುವ ಸಾಧನ. 1998ರಲ್ಲಿ ಎಡಿತ್ ವಿಡರ್ ಇದಕ್ಕೆ ಮುಂದಿನ ಹೆಜ್ಜೆ ಜೋಡಿಸಿದರು: ಬೆಳಗದೆ ಉಳಿದ ಕೊರಳ ಪಟ್ಟಿ ಕೆಳಗಿನಿಂದ ಪುಟ್ಟ ಮೀನಿನಂತೆ ಕಾಣುತ್ತದೆ, ತಿನ್ನಲು ಧಾವಿಸಿದ ಟ್ಯೂನಾ ತಾನೇ ಬೇಟೆಯಾಗುತ್ತದೆ. ಇದು ಊಹೆಯೇ ಹೌದು, ಆದರೆ ಬೆನೆಟ್‌ನ ತರ್ಕವನ್ನು ತಲೆಕೆಳಗು ಮಾಡಿದ ಊಹೆ. ಗಾಳ ಬೆಳಕಲ್ಲ, ಕತ್ತಲೆಯ ಆ ಪಟ್ಟಿ!

ಗಂಟೆಗಟ್ಟಲೆ ಉಳಿದ ಬೆಳಕಿನ ವಿಷಯವೋ? ಮಿಂಚುಹುಳು ಹೊತ್ತಿ ಆರುವುದು ನರಗಳ ಆಜ್ಞೆಯಂತೆ. ಬೆಲ್ಜಿಯಮ್‌ನ ಜೂಲಿಯನ್ ಕ್ಲಾಸ್ ಮತ್ತು ಜೆರೋಮ್ ಮಾಲ್ಫೆ ನಾರ್ವೆಯ ಲಾಂದ್ರ ಶಾರ್ಕ್ ಎಂಬ ಇನ್ನೊಂದು ಪುಟ್ಟ ಜಾತಿಯ ಚರ್ಮದ ಮೇಲೆ ಪ್ರಯೋಗ ನಡೆಸಿ, ಅಲ್ಲಿ ಬೆಳಕಿನ ಗುಂಡಿ ಹಾರ್ಮೋನುಗಳ ಕೈಯಲ್ಲಿದೆ ಎಂದು 2009ರಲ್ಲಿ ವರದಿ ಮಾಡಿದರು. ಮೆಲಟೋನಿನ್ ಹಾಕಿದಾಗ ಚರ್ಮ ನಿಧಾನವಾಗಿ ಹೊತ್ತಿಕೊಂಡು ಗಂಟೆಗಟ್ಟಲೆ ಬೆಳಗಿತು. ಪ್ರೊಲ್ಯಾಕ್ಟಿನ್‌ನಿಂದ ಬೇಗ ಹೊತ್ತಿ ಬೇಗ ಆರಿತು. ಚರ್ಮಕ್ಕೆ ಕಪ್ಪುಬಣ್ಣ ತರುವ ಮೂರನೆಯ ಹಾರ್ಮೋನು ಬೆಳಕನ್ನು ತಡೆಯಿತು.