ದಬ್ಬಳ, ದಾರ, ಕಿರುಹೊತ್ತಗೆ: ತುಂಗಭದ್ರೆಯ ದಂಡೆಯಲ್ಲಿ ಪುಸ್ತಕ ಕಟ್ಟಿದ ಬಗೆ

ಕನ್ನಡದಲ್ಲಿ ಹಾಡನ್ನೂ ಕಟ್ಟುತ್ತಾರೆ, ಪುಸ್ತಕವನ್ನೂ ಕಟ್ಟುತ್ತಾರೆ. ಓಲೆಗರಿಗಳ ಹೊರೆಗಂತೂ ‘ಕಟ್ಟು’ ಎಂದೇ ಹೆಸರು. ಕವಿಯ ಕೆಲಸಕ್ಕೂ ಕುಶಲಕರ್ಮಿಯ ಕೆಲಸಕ್ಕೂ ಒಂದೇ ಕ್ರಿಯಾಪದ ಸಲ್ಲುವ ಈ ಬಳಕೆಗೆ ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಆರು ಶತಮಾನಗಳ ಪುರಾವೆ ಸಿಗುತ್ತದೆ. ವಿದ್ಯಾರ್ಥಿಗಳು ತಾವೇ ಅಚ್ಚು ಹಾಕಿ, ತಾವೇ ಹೊಲಿದು, ತಾವೇ ಹಂಚುವ ಕಿರು ಮುದ್ರಣಾಲಯವೆಂಬ ಕಲ್ಪನೆ ಪಶ್ಚಿಮದಿಂದ ಬಂದ ಹೊಸ ಹವ್ಯಾಸವೆಂದು ತೋರುವುದು ಸಹಜವಾದರೂ, ಅದರ ಒಂದೊಂದು ಅಂಗವೂ ಈ ನೆಲದಲ್ಲಿ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಕೈಗಳಲ್ಲಿ ಆಗಿಹೋಗಿದೆ.

ತೈಮೂರನ ಮಗ ಷಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು ವಿಜಯನಗರದ ದಫ್ತರಖಾನೆಯನ್ನು, ಎಂದರೆ ಲೆಕ್ಕಪತ್ರಗಳ ಕಚೇರಿಯನ್ನು, ವರ್ಣಿಸುವಾಗ ಅಲ್ಲಿನ ಎರಡು ಬಗೆಯ ಬರವಣಿಗೆಯನ್ನು ಗುರುತಿಸಿದ್ದಾನೆ. ಮೊದಲನೆಯದು ಎರಡು ಬೆರಳಗಲದ ಉದ್ದನೆಯ ಗರಿಯ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆಯುವುದು. ಎರಡನೆಯದು ಬಿಳಿಯ ಮೈಗೆ ಕಪ್ಪು ಬಳಿದು, ಮೆದುಗಲ್ಲಿನ ಕಡ್ಡಿಯಿಂದ ಬಿಳಿ ಅಕ್ಷರ ಮೂಡಿಸುವುದು. ಗರಿ ತೆಂಗಿನದೆಂದು ಆತ ತಿಳಿದದ್ದು ಪರದೇಶಿಯ ತಪ್ಪು, ಅದು ತಾಳೆಯ ಗರಿ. ಎರಡನೆಯದು ಕಡತ: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿ, ಹಿಂದಕ್ಕೂ ಮುಂದಕ್ಕೂ ಮಡಚಿ, ಬಳಪದಿಂದ ಬರೆಯುತ್ತಿದ್ದ ಮಡಿಕೆ ಪುಸ್ತಕ. ಗರಿಯ ಬರಹ ಬಾಳದು, ಕಪ್ಪುಬಟ್ಟೆಯದು ಬಾಳುತ್ತದೆ ಎಂಬ ಆತನ ಎಣಿಕೆ ತಲೆಕೆಳಗಾಯಿತು. ಕಡತದ ಬರಹ ಒರಸಿದರೆ ಹೋಗುವಂಥದು. ಇಂದಿಗೂ ಉಳಿದು ಓದಿಗೆ ಸಿಗುತ್ತಿರುವುದು ಹೆಚ್ಚಾಗಿ ಗರಿಯೇ, ಮತ್ತು ‘ಕಡತ’ ಎಂಬ ಮಾತು ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡು ಕೂತಿದೆ.

ಅದೇ ದೇವರಾಯನ ಕಾಲವನ್ನು ವೀರಶೈವ ಪರಂಪರೆ ನೂರೊಂದು ವಿರಕ್ತರ ಕಾಲವೆಂದು ನೆನೆಯುತ್ತದೆ. ಚೆದುರಿಹೋಗಿದ್ದ ವಚನಗಳನ್ನು ಹುಡುಕಿ, ವಿಂಗಡಿಸಿ, ಪ್ರತಿಮಾಡುವ ಕೆಲಸ ಆಗ ಭರದಿಂದ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆ ಹದಿನೈದನೆಯ ಶತಮಾನದ ಫಲ. ಮಠಗಳಲ್ಲಿ ಪ್ರತಿಮಾಡುವುದು ಓದಿನ ಒಂದು ಭಾಗವಾಗಿತ್ತು, ಶಿಷ್ಯನು ಗ್ರಂಥವನ್ನು ಕಲಿಯುವುದೂ ಅದನ್ನು ತನಗಾಗಿ ಬರೆದುಕೊಳ್ಳುವುದೂ ಒಟ್ಟಿಗೆ ಸಾಗುತ್ತಿದ್ದವು. ಗರಿಯನ್ನು ಬೇಯಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನಯಗೊಳಿಸಿ, ‘ಕಂಠ’ವೆಂಬ ಉಕ್ಕಿನ ಮೊನೆಯಿಂದ ಕೊರೆದು, ಕಾಡಿಗೆ ತಿಕ್ಕಿ ಅಕ್ಷರವನ್ನು ಕಪ್ಪಾಗಿಸಿ, ತೂತಿನಲ್ಲಿ ದಾರ ಪೋಣಿಸಿ, ಎರಡು ಮರದ ಹಲಗೆಗಳ ನಡುವೆ ಬಿಗಿಯುವವರೆಗಿನ ಕೆಲಸದಲ್ಲಿ ಕಲಿಯುವವನ ಕೈಯೂ ಸೇರಿರುತ್ತಿತ್ತು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಮಾಡುವ ಬಿನ್ನಹ ಪ್ರಸಿದ್ಧವಾದದ್ದು: ಬೆನ್ನು ಬಾಗಿ ಕತ್ತು ಸೆಟೆದು ಬರೆದ ಈ ಪುಸ್ತಕವನ್ನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಿರೆಂದು ಅವರು ಓದುಗನನ್ನು ಬೇಡಿಕೊಳ್ಳುತ್ತಾರೆ. ಮೂರನೆಯ ಅಪಾಯವನ್ನು ಮೊದಲ ಎರಡರ ಸಾಲಿನಲ್ಲೇ ನಿಲ್ಲಿಸಿದವರಿಗೆ ಪುಸ್ತಕ ಎಲ್ಲಿ ಸಾಯುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

ಮೊಳೆಯಚ್ಚು ಈ ಸೀಮೆಯ ಬಾಗಿಲಿಗೆ ಬಂದದ್ದು ಬಳ್ಳಾರಿಯ ಮೂಲಕ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಕೆಲಸಕ್ಕೆ ತೊಡಗಿದ ಮೇಲೆ, ಅಲ್ಲಿ ಮಿಷನ್ನಿನ ಅಚ್ಚುಕೂಟವೂ ನೆಲೆಗೊಂಡಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ, ಎಂದರೆ ನಯವಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಹಾಳೆಗೆ ಒತ್ತಿ ತೆಗೆದದ್ದು. ಮರುವರ್ಷ ಅದು ‘ಕಂನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಗೆ ಸಾಗಿ ಮೊಳೆಯಚ್ಚಿಗೆ ಬದಲಾಯಿತು. ಹೀಗೆ ಕನ್ನಡದ ಮೊದಲ ಪತ್ರಿಕೆಯ ಎರಡನೆಯ ಮನೆ ಹೊಸಪೇಟೆಗೆ ಸುಮಾರು 60 ಕಿಲೋಮೀಟರು ದೂರದಲ್ಲಿತ್ತು. ಆದರೆ ಸೀಸದ ಮೊಳೆ, ಮೊಳೆ ಜೋಡಿಸುವವನ ಕೂಲಿ, ಭಾರದ ಯಂತ್ರ ಇವುಗಳನ್ನು ಹೊರಬಲ್ಲವರು ಮಿಷನ್ನುಗಳು, ಸರ್ಕಾರ, ಆಮೇಲೆ ವರ್ತಕರು. ಕಲಿಯುವವನ ಕೈಗೂ ಪುಸ್ತಕಕ್ಕೂ ಇದ್ದ ನಂಟು ಇಲ್ಲಿ ಕಡಿದುಹೋಯಿತು. ಅಚ್ಚಿನ ಚರಿತ್ರೆಯನ್ನು ಬರಿಯ ಲಾಭದ ಚರಿತ್ರೆಯಾಗಿ ಬರೆಯುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಅಚ್ಚಿನ ಪುಸ್ತಕ ಹಳ್ಳಿಗೆ ಇಳಿದದ್ದು ಕಿರುಹೊತ್ತಗೆಯಾಗಿ. ಇಂಗ್ಲಿಷಿನವರು ‘ಚಾಪ್‌ಬುಕ್’ ಎನ್ನುವುದು ಊರೂರು ತಿರುಗುವ ‘ಚಾಪ್‌ಮನ್’ ಎಂಬ ಸಣ್ಣ ವ್ಯಾಪಾರಿಯ ಸರಕನ್ನು: ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿ, ಮಡಚಿ, 8, 16 ಅಥವಾ 24 ಪುಟ ಮಾಡಿ, ಪುಡಿಗಾಸಿಗೆ ಮಾರುತ್ತಿದ್ದ ಕತೆ, ಹಾಡು, ಪಂಚಾಂಗ. ಕಲ್ಕತ್ತೆಯ ಬಟತಲಾದ ಅಗ್ಗದ ಪುಸ್ತಕಗಳೂ, ಹಗ್ಗಕ್ಕೆ ನೇತುಹಾಕಿ ಮಾರುವುದರಿಂದ ‘ಕೊರ್ದೆಲ್’ ಎನಿಸಿಕೊಂಡ ಬ್ರೆಜಿಲಿನ ಪದ್ಯಪುಸ್ತಿಕೆಗಳೂ ಇದೇ ಕುಲದವು. ಉತ್ತರ ಕರ್ನಾಟಕದಲ್ಲಿ ಗದುಗಿನ ಶಾಬಾದಿಮಠದಂಥ ಪ್ರಕಾಶಕರು ಹೊರತಂದ ಬಯಲಾಟ, ಭಜನೆ, ಪುರಾಣಗಳ ಪುಸ್ತಕಗಳು ಜಾತ್ರೆ ಸಂತೆಗಳಲ್ಲಿ ಬೆಂಡು ಬತ್ತಾಸಿನ ಪಕ್ಕದಲ್ಲೇ ಹರಡಿಕೊಂಡಿರುತ್ತಿದ್ದವು. ಕಂಪ್ಲಿಯ ಕತೆ ಈ ಹಾದಿಯನ್ನು ತೋರಿಸಲು ತಕ್ಕದ್ದು. 1327ರಲ್ಲಿ ಮಹಮದ್ ಬಿನ್ ತುಘಲಕನ ಸೇನೆಗೆ ಕಂಪಿಲಿ ರಾಜ್ಯ ಬಿದ್ದ ಮೇಲೆ ಕಂಪಿಲರಾಯನ ಮಗ ಕುಮಾರರಾಮ ಜನರ ಬಾಯಲ್ಲಿ ಉಳಿದ. ನಂಜುಂಡಕವಿ ಅವನನ್ನು ಸಾಂಗತ್ಯಕ್ಕೆ ತಂದ. ದೊಡ್ಡಾಟದವರು ರಂಗಕ್ಕೆ ತಂದರು. ಆಟದ ಮೇಷ್ಟ್ರು ಮಾತನ್ನೂ ಪದವನ್ನೂ ಬರೆದಿಟ್ಟುಕೊಂಡ ಕೈಬರಹದ ನೋಟುಬುಕ್ಕು, ಬೆನ್ನು ಹರಿದಾಗಲೆಲ್ಲ ದಾರ ಹಾಕಿ ಹೊಲಿದು ತಾಲೀಮಿಗೆ ಒಯ್ಯುವಂಥದು, ಅಚ್ಚಿನ ಯುಗದಲ್ಲೂ ಹಸ್ತಪ್ರತಿಯ ಬದುಕನ್ನೇ ಬದುಕಿತು.

ವಿದ್ಯಾರ್ಥಿಗಳು ಮತ್ತೆ ಪುಸ್ತಕದ ಕೆಲಸಕ್ಕೆ ಬಂದದ್ದು ಕಾಲೇಜುಗಳಿಂದ, ಅದೂ ಬೆಂಗಳೂರಿನಲ್ಲಿ. ಎ. ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಅದಕ್ಕಿಂತ ಈ ಪ್ರಬಂಧದ ವಿಷಯಕ್ಕೆ ಹತ್ತಿರವಾದದ್ದು 1970ರ ದಶಕದಿಂದ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ನಡೆಸಿದ ಪ್ರಯೋಗ: ಬೇಂದ್ರೆಯವರ ನೆನಪಿನ ಅಂತರಕಾಲೇಜು ಕವಿತಾ ಸ್ಪರ್ಧೆಯಲ್ಲಿ ಆಯ್ದ ಪದ್ಯಗಳನ್ನೂ ಹೊಸಬರ ಬರಹಗಳನ್ನೂ ಕಡಿಮೆ ಬೆಲೆಯ ಪುಸ್ತಕಗಳಾಗಿಸಿ, ವಿದ್ಯಾರ್ಥಿಗಳ ಕೈಯಿಂದಲೇ ಓದುಗರ ಕೈಗೆ ದಾಟಿಸುವ ಈ ಕೆಲಸ ದಶಕಗಳ ಕಾಲ ನಡೆದು ನೂರಾರು ಪುಸ್ತಕಗಳಿಗೆ ಮುಟ್ಟಿತು. ಅಷ್ಟೂ ಅನುಕೂಲವಿಲ್ಲದ ಊರುಗಳ ಕಾಲೇಜುಗಳಲ್ಲಿ ಗೋಡೆಪತ್ರಿಕೆ, ಒಂದೇ ಪ್ರತಿಯ ಕೈಬರಹದ ಪತ್ರಿಕೆ, ಮೇಣದ ಹಾಳೆಯನ್ನು ಕೊರೆದು ಶಾಯಿ ಉರುಳಿಸುವ ಸೈಕ್ಲೋಸ್ಟೈಲ್ ಪ್ರತಿ ಇವು ಆ ಜಾಗವನ್ನು ತುಂಬಿದವು. 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಹಂಪಿಯ ಮಗ್ಗುಲಿಗೆ ಬಂದು, ಪ್ರಸಾರಾಂಗದ ಮೂಲಕ ಪುಸ್ತಕ ಪ್ರಕಟಣೆಯನ್ನೂ, ಪ್ರತ್ಯೇಕ ವಿಭಾಗದ ಮೂಲಕ ಹಸ್ತಪ್ರತಿಗಳ ಸಂಗ್ರಹ ಮತ್ತು ಅಧ್ಯಯನವನ್ನೂ ಕೈಗೊಂಡದ್ದರಿಂದ, ಓಲೆಗರಿಯ ಕಟ್ಟೂ ಆಫ್‌ಸೆಟ್ಟಿನ ಪುಸ್ತಕವೂ ಒಂದೇ ಆವರಣದಲ್ಲಿ ನೋಡಸಿಗುವಂತಾಯಿತು.

ಸೂಜಿಯ ವಿದ್ಯೆಗೆ ಈ ಸೀಮೆಯಲ್ಲಿ ಬರವಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಿಲನ್, ವೇಲೆ, ಮಾಕಿ, ರೇಲೊ ಮೊದಲಾದ 14 ಬಗೆಯ ಹೊಲಿಗೆಗಳನ್ನು ಅದರಲ್ಲಿ ಎಣಿಸುತ್ತಾರೆ. ಹಳೆಯ ಸೀರೆ ಪಂಚೆಗಳ ತುಂಡುಗಳನ್ನು ಪದರಪದರವಾಗಿ ಸೇರಿಸಿ ಕೌದಿ ಹೊಲಿಯುವುದು ಬಯಲುಸೀಮೆಯ ಮನೆಮನೆಯ ಕೆಲಸ. ಕಿರುಹೊತ್ತಗೆಗೆ ಬೇಕಾದ ಹೊಲಿಗೆ ಇವೆಲ್ಲಕ್ಕಿಂತ ಸರಳ. ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ಮಡಚಿದರೆ 16 ಪುಟ. ಮಡಿಕೆಯ ಗೆರೆಯಲ್ಲಿ ದಬ್ಬಳದಿಂದ ಮೂರು ತೂತು. ನಡುತೂತಿನಿಂದ ಒಳಹೋದ ದಾರ ಮೇಲಿನದರಿಂದ ಹೊರಬಂದು, ಕೆಳಗಿನದರಿಂದ ಒಳಹೊಕ್ಕು, ಮತ್ತೆ ನಡುತೂತಿನಿಂದಲೇ ಹೊರಬಿದ್ದು, ಬೆನ್ನಿನ ಮೇಲಿನ ಉದ್ದ ಎಳೆಯನ್ನು ನಡುವೆ ಹಿಡಿದು ಗಂಟಾಗುತ್ತದೆ. ಕಷ್ಟವಿರುವುದು ಪುಟಗಳ ಜೋಡಣೆಯಲ್ಲಿ: ಒಂದನೆಯ ಪುಟದ ಮಗ್ಗುಲಿಗೆ ಹದಿನಾರನೆಯದು, ಎರಡನೆಯದಕ್ಕೆ ಹದಿನೈದನೆಯದು, ಹೀಗೆ ಹಾಳೆಯ ಒಂದು ಮುಖದ ಎರಡು ಸಂಖ್ಯೆಗಳ ಮೊತ್ತ ಯಾವಾಗಲೂ 17 ಆಗಬೇಕು. ಹಾಳೆಯ ನಾರು ಓಡುವ ದಿಕ್ಕಿಗೆ ಮಡಚದಿದ್ದರೆ ಬೆನ್ನು ಬಿರುಕು ಬಿಡುತ್ತದೆ, ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಮೊಳೆಯೂ ಯಂತ್ರವೂ ಬೇಡವಾದ ಇಂದಿನ ದಿನದಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿದ ಪುಟವನ್ನು ಹೊಸಪೇಟೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ತೆಗೆದುಕೊಳ್ಳಬಹುದಾದ್ದರಿಂದ, ಬಳ್ಳಾರಿಯ ಅಚ್ಚುಕೂಟದ ಕಾಲದಲ್ಲಿ ಕಡಿದ ನಂಟನ್ನು ಮತ್ತೆ ಬೆಸೆಯಲು ಹಣದ ಅಡ್ಡಿ ಹೆಚ್ಚೇನೂ ಉಳಿದಿಲ್ಲ.

ಕಾನೂನಿನ ಮಾತೂ ಇಲ್ಲಿ ಸೇರುತ್ತದೆ. ಪ್ರತಿ ಪುಸ್ತಕದ ಮೇಲೆ ಮುದ್ರಕನ ಹೆಸರನ್ನೂ ಸ್ಥಳವನ್ನೂ ಕಾಣಿಸಬೇಕೆಂದು ವಿಧಿಸಿದ್ದ 1867ರ ಕಾಯಿದೆಯ ಜಾಗಕ್ಕೆ 2023ರ ಹೊಸ ಕಾಯಿದೆ ಬಂದು, ನಿಯತಕಾಲಿಕಗಳನ್ನು ಮಾತ್ರ ತನ್ನಲ್ಲಿರಿಸಿಕೊಂಡು ಪುಸ್ತಕಗಳನ್ನು ಹೊರಗಿಟ್ಟಿದೆ. ಆದರೆ 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಕಿರುಹೊತ್ತಗೆಯೂ ಪುಸ್ತಕವೇ; ಪ್ರಕಟವಾದ 30 ದಿನಗಳೊಳಗೆ ಅದರ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರನ್ನು ಗೊತ್ತುಪಡಿಸಿದ ಬೇರೆ ಮೂರು ಗ್ರಂಥಾಲಯಗಳಿಗೂ ಪ್ರಕಾಶಕನೇ ತನ್ನ ಖರ್ಚಿನಲ್ಲಿ ಕಳಿಸಬೇಕು, ಮತ್ತು ಕೋಲ್ಕತ್ತಕ್ಕೆ ಹೋಗುವ ಪ್ರತಿ ಒಳ್ಳೆಯ ಕಾಗದದ್ದಾಗಿದ್ದು ಕಟ್ಟಿದ್ದೋ ಹೊಲಿದದ್ದೋ ಆಗಿರಬೇಕು.